ಪ್ರಾಕ್ಸಿ ಸರ್ವರ್ ತಡೆದ ಸೀಮಂತ

ಹೋದ ಮಂಗಳವಾರ ಅಮ್ಮ ನನ್ನ ಜೊತೆ ಮಾತು ಬಿಟ್ಟಳು. ಮಧ್ಯಾಹ್ನ ಪಕ್ಕದ ಮನೆಯಿಂದ ಬಂದವಳೇ ಜಗಲಿ ಮೇಲೆ ನನಗೆ ಬೆನ್ನು ಹಾಕಿ ಕೂತಳು. ರೇಷ್ಮೆ ಸೀರೆ, ಮುಡಿ ತುಂಬ ಹೂವು. ಮುಖ ಮಾತ್ರ ಊದಿಕೊಂಡಿತ್ತು.

ಏನಾಯ್ತಮ್ಮ ಅಂದೆ.

"ಏಮೀ ಲೇದು. ನೀ ಪನಿ ಚೂಸ್ಕೋ."

(ನಮ್ಮ ಶ್ರೀನಿವಾಸಪುರದ ಕಡೆ ಅಮ್ಮಂದಿರಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ. ಏನಿಲ್ಲ, ನಿನ್ನ ಕೆಲಸ ನೋಡ್ಕೋ ಅಂತ ಅರ್ಥ.)

ಎಡವಟ್ಟಾಗಿದ್ದೇ ನನ್ನ ಕೆಲಸದಿಂದ. ಅದಕ್ಕೂ ಒಂದು ವಾರದ ಹಿಂದೆ ನಾನು ಮನೆಯಲ್ಲಿ ಪ್ರಾಕ್ಸಿ ಸರ್ವರ್ ಕೂರಿಸಿದ್ದೆ. ಹೆಸರು ಕೇಳಿ ಹೆದರಬೇಡಿ. ಮನೆಯ ಫೋನುಗಳಿಗೂ ಇಂಟರ್ನೆಟ್‌ಗೂ ನಡುವೆ ಕೂರುವ ಒಂದು ಕಂಪ್ಯೂಟರ್, ಅಷ್ಟೇ. ಯಾರಿಗೆ ಏನು ಬೇಕಾದರೂ ಇದರ ಮೂಲಕವೇ ಹೋಗಬೇಕು. ಹಳೇ ಕಾಲದ ಗುಮಾಸ್ತರ ಹಾಗೆ ಎಲ್ಲವನ್ನೂ ಬರೆದಿಡುತ್ತದೆ. ಬೇಡದವರನ್ನು ವಾಪಸ್ ಕಳಿಸುತ್ತದೆ.

ಯಾಕೆ ಬೇಕಿತ್ತು ಇದೆಲ್ಲ? ಬೇಸಿಗೆ ರಜೆಯಲ್ಲೂ ದಿನಾ ಮಧ್ಯಾಹ್ನ ಇರುವ ನನ್ನ ಸ್ಕೂಲಿನ ಆನ್‌ಲೈನ್ ಮೀಟಿಂಗ್ ನಿಂತು ನಿಂತು ಹೋಗುತ್ತಿತ್ತು. ನಾನು ಬಾಯಿ ತೆರೆದಿದ್ದ ಹೊತ್ತಿಗೇ ಸರಿಯಾಗಿ ನಿಲ್ಲುತ್ತಿತ್ತು. ನಮ್ಮ ನೆಟ್ ತಿನ್ನುತ್ತಿರುವವರು ಯಾರು? ಪತ್ತೆ ಮಾಡಲೇಬೇಕು ಅಂತ ಹಠ ಬಂತು. ಹಳೇ ಕಂಪ್ಯೂಟರನ್ನು ಮಾವಿನಕಾಯಿ ಹಣ್ಣಿಗೆ ಹಾಕಿದ್ದ ರೂಮಿನಲ್ಲಿಟ್ಟೆ. ಯೂಟ್ಯೂಬ್ ನೋಡಿಕೊಂಡು ಇಡೀ ಭಾನುವಾರ ಒದ್ದಾಡಿದೆ. (ಮೇಷ್ಟರಾದವನಿಗೆ ಕಲಿಯುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು.)

ವಾರವಿಡೀ ಅದು ಬರೆದಿಟ್ಟ ಪಟ್ಟಿ ನೋಡಿದೆ. ನನ್ನ ಫೋನು, ಹೆಂಡತಿಯ ಫೋನು, ಜೊತೆಗೆ ಗುರುತಿಲ್ಲದ ಮೂರನೆಯದೊಂದು. ದಿನಾ ಎರಡೂವರೆಯಿಂದ ನಾಲ್ಕರವರೆಗೆ ಬರೀ ವಿಡಿಯೋ. ಅಮ್ಮನದಂತೂ ಅಲ್ಲ. ನಾನು ಕೊಡಿಸಿದ ಸ್ಮಾರ್ಟ್‌ಫೋನು ಎರಡು ವರ್ಷದಿಂದ ಬೀರುವಿನಲ್ಲಿ, ಡಬ್ಬದೊಳಗೇ ಇದೆ.

ಮಂಗಳವಾರ ಮೂರು ಗಂಟೆಗೆ ಮೀಟಿಂಗ್ ಮತ್ತೆ ನಿಂತಿತು. ತಡೆಯಲಾಗಲಿಲ್ಲ. ಎದ್ದು ಹೋಗಿ ಆ ಮೂರನೇ ಫೋನನ್ನು ಬ್ಲಾಕ್ ಮಾಡಿದೆ. ನನ್ನ ಬಗ್ಗೆ ನನಗೇ ಭಾರೀ ಹೆಮ್ಮೆಯಾಯಿತು.

ಸಂಜೆ ಪಕ್ಕದ ಮನೆ ರತ್ನಮ್ಮಕ್ಕ ಕಾಂಪೌಂಡ್ ಹತ್ತಿರ ಬಂದರು.

"ಏನಪ್ಪಾ, ನಿಮ್ಮನೆ ವೈಫೈ ಕೆಟ್ಟೋಯ್ತಾ? ಪಾಪ, ಆ ಹುಡುಗಿ ಸೀಮಂತಾನೂ ನೋಡಕ್ಕಾಗ್ಲಿಲ್ಲ."

ಯಾವ ಹುಡುಗಿ? ಆಮೇಲೆ ಎಲ್ಲ ಹೊರಬಿತ್ತು. ಗೌನಿಪಲ್ಲಿ ದಾಟಿದರೆ ಸಿಗುವ ಆಂಧ್ರದ ಯಾವುದೋ ಹಳ್ಳಿಯ ಹುಡುಗಿ ದಿನಾ ಅಡುಗೆ ಮಾಡಿ ವಿಡಿಯೋ ಹಾಕುತ್ತಾಳೆ. ಅಮ್ಮ, ರತ್ನಮ್ಮಕ್ಕ ಇಬ್ಬರೂ ದಿನಾ ನೋಡಿ, ಅವಳಿಗೆ ಸಂಗಟಿ (ನಮ್ಮ ರಾಗಿ ಮುದ್ದೆ) ಕೂಡಿಸೋಕೇ ಬರಲ್ಲ ಅಂತ ಬೈಯುತ್ತಾರೆ. ಬೈದೂ ಬೈದೂ ಅವಳು ಮನೆಮಗಳಾಗಿದ್ದಾಳೆ. ಅವತ್ತು ಅವಳ ಸೀಮಂತ, ಲೈವ್. ಇವರಿಬ್ಬರೂ ಸೀರೆಯುಟ್ಟು, ರತ್ನಮ್ಮಕ್ಕನ ಫೋನನ್ನು ಮಣೆ ಮೇಲಿಟ್ಟು, ಮುಂದೆ ಅರಿಶಿನ ಕುಂಕುಮ, ಹಸಿರು ಬಳೆ ಜೋಡಿಸಿಕೊಂಡು ಕೂತಿದ್ದರಂತೆ. ಅಮ್ಮ ಆರತಿ ತಟ್ಟೆ ಎತ್ತುವ ಹೊತ್ತಿಗೆ ಫೋನ್ ನಿಂತುಹೋಯಿತಂತೆ.

ವೈಫೈ ಪಾಸ್‌ವರ್ಡನ್ನು ರತ್ನಮ್ಮಕ್ಕನಿಗೆ ಕೊಟ್ಟಿದ್ದೂ ಅಮ್ಮನೇ. ಮೊಸರಿಗೆ ಹೆಪ್ಪು ಕೊಡುವವರು ಇದನ್ನು ಕೊಡದೆ ಇರುತ್ತಾರೆಯೇ?

ಒಳಗೆ ಓಡಿ ಬ್ಲಾಕ್ ತೆಗೆದೆ. "ಆ ವಿಡಿಯೋ ಈಗಲೂ ಇರುತ್ತಮ್ಮ, ನೋಡಬಹುದು" ಅಂದೆ.

"ಸೀಮಂತ ಮುಗಿದ್ಮೇಲೆ ಹೋಗಿ ಯಾರಾದ್ರೂ ಆರತಿ ಎತ್ತುತಾರೇನೋ?" ಅಂದಳು. ಸದ್ಯ, ಕನ್ನಡಕ್ಕೆ ಬಂದಿದ್ದಳು.

ಅಲ್ಲಿಗೆ ಮುಗಿಸಬಹುದಿತ್ತು. ನಾನು ಜಾಣನ ಹಾಗೆ ರತ್ನಮ್ಮಕ್ಕನನ್ನು ಕೇಳಿದೆ: "ಅಮ್ಮನ ಹತ್ರಾನೇ ಫೋನ್ ಇದೆಯಲ್ಲಕ್ಕ, ಇಲ್ಲೇ ನೋಡಬಹುದಿತ್ತಲ್ಲ?"

ಅವರು ದನಿ ತಗ್ಗಿಸಿದರು. "ನಿನ್ನ ಕೇಳಿದ್ರೆ, ನಿನ್ನೆ ತಾನೇ ಹೇಳ್ಕೊಟ್ನಲ್ಲಮ್ಮ ಅಂತ ಸಿಡುಕ್ತೀಯಂತಲ್ಲ? ನಿಮ್ಮಮ್ಮ ಹತ್ತು ಸಲ ಕೇಳಿದ್ರೂ ನಾನು ಹೇಳ್ತೀನಿ. ನನಗೂ ಹನ್ನೊಂದನೇ ಸಲಕ್ಕೇ ಬಂದಿದ್ದು."

ನಾಚಿಕೆಯಾಯಿತು. ಕ್ಲಾಸಿನಲ್ಲಿ ಅರವತ್ತು ಮಕ್ಕಳಿಗೆ ಒಂದೇ ಲೆಕ್ಕವನ್ನು ಐದು ಸಲ ಹೇಳಿಕೊಡುವವನು ನಾನು. ಸ್ವಂತ ಮನೆಯ ವೈಫೈ ಅಮ್ಮನಿಗೆ ಪಕ್ಕದ ಮನೆ ಸುತ್ತಿಕೊಂಡು ಸಿಗುತ್ತಿತ್ತು.

ಮಂಗಳವಾರದ ಬ್ಲಾಕ್ ತೆಗೆಯಲು ಒಂದು ಕ್ಲಿಕ್ ಸಾಕಾಯಿತು. ಎರಡು ವರ್ಷದ ಹಿಂದೆ ಸಿಡುಕಿ ಸಿಡುಕಿ ಅಮ್ಮನಿಗೆ ನಾನು ಹಾಕಿದ ಬ್ಲಾಕ್ ತೆಗೆಯಲು ಎಲ್ಲಿ ಒತ್ತಬೇಕು?