ನೀಲವ್ವನಿಗೆ ಸನ್ಮಾನ

ಈ ಕೈಗಳಿಂದ ನಾನು ಅದೆಷ್ಟೋ ಜನರಿಗೆ ಶಾಲು ಹೊದಿಸಿದ್ದೇನೆ. ಅವರಲ್ಲಿ ಚಳಿಯಾಗುತ್ತಿದ್ದವರು ಒಬ್ಬರೂ ಇರಲಿಲ್ಲ. ಮುಲುಂಡಿನ ನಮ್ಮ ಪುಟ್ಟ ಕನ್ನಡ ಸಂಘಕ್ಕೆ ನಾನು ಕಾರ್ಯದರ್ಶಿ. ಬೇರೆ ಯಾರೂ ಒಪ್ಪದ ಕಾರಣ ಹದಿನೆಂಟು ವರ್ಷಗಳಿಂದ ನಾನೇ. ಮುಂಬಯಿ ಕನ್ನಡಿಗರಿಗೆ ಯಾರ ಮೇಲಾದರೂ ಪ್ರೀತಿ ಉಕ್ಕಿದರೆ ಅದು ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆಯಾಗಿಯೇ ಹೊರಬರುತ್ತದೆ. ಇವತ್ತು ನಾವು ಹೊದಿಸಿದವರು ಮುಂದಿನ ವರ್ಷ ನಮಗೆ ಹೊದಿಸುತ್ತಾರೆ. ಹೀಗೆ ಊರು ಸುತ್ತುವ ಶಾಲುಗಳಲ್ಲಿ ಕೆಲವನ್ನು ನಾನು ದೂರದಿಂದಲೇ ಗುರುತು ಹಿಡಿಯಬಲ್ಲೆ.

ನಿವೃತ್ತನಾದ ಮೇಲೆ ಬೆಳಿಗ್ಗೆ ಬ್ರೆಡ್ಡು ತರುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಬಿಲ್ಡಿಂಗಿನ ಎದುರಿನ ಸೂಪರ್ ಮಾರ್ಕೆಟ್ಟಿನಲ್ಲಿ ಸಾಮಾನು ಜೋಡಿಸುವವಳು ನೀಲವ್ವ. ಜಮಖಂಡಿ ಕಡೆಯ ಹೆಂಗಸು. ಗಂಡ ಹತ್ತಿರದ ಕಟ್ಟಡದಲ್ಲಿ ಗಾರೆ ಕೆಲಸದವನು. ವಾಸ ಅಲ್ಲಿಯದೇ ತಗಡಿನ ಶೆಡ್ಡಿನಲ್ಲಿ. ಒಂದು ದಿನ ನಾನು ಸಾಲಿನ ಹಿಂದಕ್ಕೆ ಕೈ ತೂರಿಸಿ ಹೊಸ ತಾರೀಖಿನ ಬ್ರೆಡ್ಡು ಎಳೆಯುತ್ತಿದ್ದಾಗ ಅವಳು ಅಂದಳು: "ಮುಂದಿಂದೂ ಛಲೋ ಐತ್ರಿ ಕಾಕಾರ. ನೀವೆಲ್ಲಾ ಹಿಂದಿಂದ ತಗೊಂಡ್ರ ಮುಂದಿಂದು ನಾ ಹಾಳ ಮಾಡಬೇಕಾಗತೈತಿ."

ಹಾಳು ಮಾಡುವುದೂ ಅಲ್ಲಿ ಒಂದು ಕೆಲಸವೇ. ತಾರೀಖು ಮುಗಿಯಲು ಇನ್ನೊಂದು ದಿನವಿರುವಾಗಲೇ ಬ್ರೆಡ್ಡು ಬನ್ನುಗಳನ್ನು ಇಳಿಸಿ, ಹಿಂಬಾಗಿಲಿಗೆ ಒಯ್ದು, ಪೊಟ್ಟಣ ಹರಿದು, ಮೇಲೆ ಫಿನಾಯಿಲ್ ಸುರಿಯಬೇಕು. ಯಾರೂ ಆಯ್ದು ತಿನ್ನಬಾರದಲ್ಲ. ನಮ್ಮಮ್ಮ ನಿನ್ನೆಯ ಸಾರನ್ನು ಮೂಗಿನಿಂದಲೇ ಪರೀಕ್ಷಿಸಿ ತೀರ್ಪು ಕೊಡುತ್ತಿದ್ದಳು. ಈಗ ಮೂಗಿನ ಕೆಲಸ ತಾರೀಖಿಗೆ ಹೋಗಿದೆ. ಹಸಿದವರಿಂದ ಅನ್ನವನ್ನು ಕಾಪಾಡಲು ಇಷ್ಟೊಂದು ಮುತುವರ್ಜಿಯೇ ಎಂದು ನನಗೆ ಮೈಯೆಲ್ಲ ಉರಿಯಿತು. ನನ್ನ ಮುಖ ನೋಡಿ ನೀಲವ್ವ ದನಿ ತಗ್ಗಿಸಿದಳು: "ನಾ ಎಲ್ಲಾದ್ರ ಮ್ಯಾಲೂ ಸುರಿಯಂಗಿಲ್ರಿ. ಒಂದಿಷ್ಟು ಶೆಡ್ಡಿನ ಹುಡುಗ್ರಿಗೆ ಒಯ್ತೀನಿ. ಯಾರ ಮುಂದೂ ಹೇಳಬ್ಯಾಡ್ರಿ, ಕೆಲಸಾ ಹೋಗತೈತಿ."

ನಾನು ಹೇಳಿದ್ದು ಒಬ್ಬರಿಗೇ, ನಮ್ಮ ಸಂಘದ ಅಧ್ಯಕ್ಷರಿಗೆ. ಅವರು ಉಡುಪಿ ಕಡೆಯವರು, ಸ್ಟೇಷನ್ ಬಳಿ ಹೋಟೆಲಿದೆ. ಕೇಳಿ ಕಣ್ಣೊರೆಸಿಕೊಂಡರು. "ಒಂದು ಸನ್ಮಾನ ಮಾಡಿಬಿಡುವ ಮಾರಾಯ್ರೆ," ಎಂದರು. ನೀಲವ್ವ ಬೇಡವೇ ಬೇಡ ಎಂದಳು. ಆದರೆ ಹದಿನೆಂಟು ವರ್ಷಗಳಲ್ಲಿ "ನನಗೇಕೆ ಸನ್ಮಾನ" ಎನ್ನದವರನ್ನು ನಾನು ಕಂಡಿಲ್ಲ. ಅದೇ ಬಾಯಲ್ಲಿ ಫೋಟೋಗ್ರಾಫರ್ ಬರುತ್ತಾನಾ ಎಂದು ಕೇಳುತ್ತಾರೆ. ಇವಳದೂ ಅದೇ ಜಾತಿಯ ವಿನಯ ಎಂದುಕೊಂಡೆ.

ರಾತ್ರಿ ಹಗಲು ಕೂತು ಅಭಿನಂದನಾ ಪತ್ರ ಬರೆದೆ. ಸನ್ಮಾನದೊಳಗಿನ 'ಮಾನ'ಕ್ಕೆ ಅಳತೆ ಎಂಬ ಅರ್ಥವೂ ಇದೆ, ಹಿಂದೆ ಧಾನ್ಯ ಅಳೆಯುವ ಒಂದು ಅಳತೆಗೂ ಅದೇ ಹೆಸರು ಎಂದೆಲ್ಲ ನನ್ನ ಪಾಂಡಿತ್ಯ ಕಾರಿಕೊಂಡೆ. ಸಾಲದ್ದಕ್ಕೆ ಮುಖ್ಯ ಅತಿಥಿಯಾಗಿ ಯಾರನ್ನು ಕರೆದೆ ಗೊತ್ತೇ? ಅವಳ ಅಂಗಡಿಯ ಮ್ಯಾನೇಜರನ್ನೇ. ವೇದಿಕೆಯ ಮೇಲೆ ನಾಲ್ಕು ಒಳ್ಳೆಯ ಮಾತು ಕೇಳಿದರೆ ಅವನ ಮನಸ್ಸು ಕರಗುತ್ತದೆ, ಫಿನಾಯಿಲ್ ನಿಂತು ಬ್ರೆಡ್ಡೆಲ್ಲ ಶೆಡ್ಡಿಗೆ ಹೋಗುತ್ತದೆ ಎಂಬುದು ನನ್ನ ಯೋಚನೆ. ಅವನಿಗೆ ಕನ್ನಡ ಬಾರದು. ಆದ್ದರಿಂದ ಭಾನುವಾರದ ಸಭೆಯಲ್ಲಿ ಅಧ್ಯಕ್ಷರು ಪತ್ರ ಓದುವಾಗ ಅವನ ಪಕ್ಕದಲ್ಲಿ ಬಾಗಿ, ಬ್ರೆಡ್ಡಿನ ಕಥೆಯನ್ನು ಒಂದು ವಾಕ್ಯವೂ ತಪ್ಪದಂತೆ ಹಿಂದಿಯಲ್ಲಿ ತಿಳಿಸಿದೆ. ಶಾಲಿನೊಳಗೆ ನೀಲವ್ವ ನಡುಗುತ್ತಿದ್ದಳು. ಅದು ಸಂತೋಷಕ್ಕೆ ಎಂದು ಅಧ್ಯಕ್ಷರು ಮೈಕಿನಲ್ಲೇ ಹೇಳಿದರು.

ಸೋಮವಾರ ಅವಳ ಜಾಗದಲ್ಲಿ ಬೇರೆಯವಳಿದ್ದಳು. ನಾನು ಮ್ಯಾನೇಜರನ ಮೇಲೆ ಹರಿಹಾಯ್ದೆ. "ಅಂಕಲ್, ಆಪ್‌ನೇ ಸಬ್‌ಕೇ ಸಾಮ್ನೇ ಬೋಲ್ ದಿಯಾ, ಅಬ್ ಮೈಂ ಕ್ಯಾ ಕರೂಂ?" ಎಂದ ಅವನು. ಎಲ್ಲರೆದುರು ನೀವೇ ಹೇಳಿಬಿಟ್ಟಿರಿ, ಇನ್ನು ನಾನೇನು ಮಾಡಲಿ ಎಂದು. ಅಂದರೆ ಅವನಿಗೆ ಮೊದಲೇ ಗೊತ್ತಿತ್ತು. ಇಷ್ಟು ದಿನ ಕಂಡೂ ಕಾಣದ ಹಾಗೆ ಇದ್ದ. ಅವನನ್ನು ಕಟುಕ ಎಂದು ಬೈದುಕೊಳ್ಳುವ ಸುಖವೂ ನನಗೆ ಉಳಿಯಲಿಲ್ಲ. ಹೊಸಬಳು ಬಹಳ ಶಿಸ್ತಿನವಳು. ಹಿಂಬಾಗಿಲಿನ ಫಿನಾಯಿಲ್ ವಾಸನೆ ಈಗ ರಸ್ತೆಯವರೆಗೂ ಬರುತ್ತದೆ.

ಮುಖ ತೋರಿಸಲು ನಾಚಿಕೆಯಾಗಿ ಒಂದು ವಾರ ತಡೆದು ಶೆಡ್ಡಿಗೆ ಹೋದೆ. ನೀಲವ್ವ ಗಂಡನ ಜೊತೆ ಇಟ್ಟಿಗೆ ಹೊರಲು ಶುರುಮಾಡಿದ್ದಳು. ಗಾರೆ ಹೊರುವ ಬೋಗುಣಿ ಬೋರಲು ಹಾಕಿ ನನ್ನನ್ನು ಕೂರಿಸಿದಳು. ತಪ್ಪಾಯಿತು ಎಂದೆ. "ಹೋಗ್ಲಿ ಬಿಡ್ರಿ ಕಾಕಾರ, ನೀವರ ಏನ್ ಬೇಕಂತ ಮಾಡೀರಿ?" ಎಂದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅಷ್ಟರಲ್ಲಿ ಐದಾರು ಮಕ್ಕಳು ಸುತ್ತ ನೆರೆದು, ಒಂದು ಹುಡುಗಿ ಅವಳ ಸೆರಗು ಜಗ್ಗಿ ಕಿವಿಯಲ್ಲಿ ಏನೋ ಕೇಳಿತು. ನೀಲವ್ವ ಸಂಕೋಚದಿಂದ ನಕ್ಕಳು.

"ನೀವು ಕೊಟ್ಟ ಬುಟ್ಟ್ಯಾಗಿನ ಸೇಬು, ದ್ರಾಕ್ಷಿ ಇವಕ್ಕ ಹಂಚಿದ್ನಿರಿ. ಅದರ ಹೆಸರ ಸನ್ಮಾನ ಅಂತ ತಿಳ್ಕೊಂಡಾವ. ಇವತ್ತೂ ಸನ್ಮಾನ ತಂದೀರೇನು ಅಂತ ಕೇಳಾಕತ್ತಾವ್ರಿ."

ನಾನು ತಂದಿದ್ದು ಕ್ಷಮಾಪಣೆ ಒಂದನ್ನೇ. ಮಕ್ಕಳು ನನ್ನ ಎರಡೂ ಕೈ ನೋಡಿ, ಆಟಕ್ಕೆ ಹೊರಟುಹೋದವು.