ಎರಡು ಡಿಸ್ಕಿನಲ್ಲಿ ಅಜ್ಜಿ

ಟಾಲಿಗಂಜ್‌ನ ನಮ್ಮ ಫ್ಲ್ಯಾಟಿನಲ್ಲಿ ನಾನು ಜಂಬದಿಂದ ಸರ್ವರ್ ಎನ್ನುತ್ತಿದ್ದದ್ದು ಒಂದು ಬದಿಯ ಮುಚ್ಚಳವಿಲ್ಲದ ಹಳೆಯ ಕಂಪ್ಯೂಟರನ್ನು. ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತು, ನಾಲ್ಕು ಮಹಡಿ ಹತ್ತಿ ಬಂದ ಪಕ್ಕದ ಮನೆಯ ಮೇಷ್ಟ್ರ ಹಾಗೆ ಏದುಸಿರು ಬಿಡುತ್ತಿತ್ತು. ಮೇಷ್ಟ್ರ ಏದುಸಿರನ್ನು ನಾನು ಅದಕ್ಕಿಂತ ಚೆನ್ನಾಗಿ ಅಣಕಿಸುತ್ತಿದ್ದೆ. ಕಾಲೇಜಿನಲ್ಲಿ ಪಾಠಕ್ಕಿಂತ ಪ್ರಾಧ್ಯಾಪಕರೇ ನನಗೆ ಬಾಯಿಪಾಠ.

ಅದರೊಳಗಿದ್ದದ್ದು ಅಪ್ಪನ ಅಮ್ಮನ ದನಿ. ಕೊನೆಯ ಸಲ ಉಡುಪಿಯಿಂದ ಬಂದಿದ್ದಾಗ ಅಜ್ಜಿ ನಾಲ್ಕು ಕ್ಯಾಸೆಟ್ ತುಂಬ ಹಾಡಿದ್ದಳು. ನಡುನಡುವೆ ಮೀನಿನವನನ್ನು ಬೈದಿದ್ದಳು. ಅವಳು ತೀರಿಕೊಂಡ ಮೇಲೆ ಅಪ್ಪನನ್ನು ಬ್ಯಾಂಕಿನವರು ಸಿಲಿಗುರಿಗೆ ವರ್ಗ ಮಾಡಿದರು. ನಾನು ಹಾಡುಗಳನ್ನೆಲ್ಲ ಸರ್ವರಿಗೆ ಇಳಿಸಿ, ಅಪ್ಪ ಅಲ್ಲಿಂದಲೇ ಇಂಟರ್ನೆಟ್ಟಿನಲ್ಲಿ ಕೇಳುವ ವ್ಯವಸ್ಥೆ ಮಾಡಿಕೊಟ್ಟೆ. ಹೊರಗಿನವರು ನುಗ್ಗದಂತೆ ಮಾರುದ್ದದ ಪಾಸ್‌ವರ್ಡು. ಒಂದು ಡಿಸ್ಕು ಸತ್ತರೂ ಇನ್ನೊಂದು ಇರಲೆಂದು ಎರಡು ಹಾಕಿ, ಒಂದರಲ್ಲಿ ಆದದ್ದೆಲ್ಲ ಆ ಕ್ಷಣವೇ ಇನ್ನೊಂದರಲ್ಲೂ ಆಗುವಂತೆ ಮಾಡಿದೆ. ಅಪ್ಪನಿಗೆ ಕೇಳಲು ಮಾತ್ರ ಅನುಮತಿ ಕೊಟ್ಟು ಉಳಿದದ್ದಕ್ಕೆ ಬೀಗ ಹಾಕಬಹುದಿತ್ತು. ಅವರ ಅಮ್ಮನ ಹಾಡಿಗೆ ಅವರನ್ನೇ ತಡೆಯುವುದೇ ಎಂದು ಹಾಕಲಿಲ್ಲ. ಇನ್ನು ಕ್ಯಾಸೆಟ್ಟೇಕೆ ಎಂದು ಅವುಗಳಲ್ಲಿದ್ದ ಹಾಡಿನ ಮೇಲೆಯೇ ಪ್ರಾಧ್ಯಾಪಕರ ಅಣಕು ತುಂಬಿಸಿದೆ.

ಒಂದು ಭಾನುವಾರ ಅಪ್ಪನ ಫೋನು ಬಂತು.

"ಎಂತದು ಮಾರಾಯ, ಅದೇ ಹಾಡು ಎರಡೆರಡು ಕಡೆ ಇಟ್ಟಿದ್ದೀಯಲ್ಲ? ನಮ್ಮಲ್ಲಾದ್ರೆ ಆಡಿಟಿನವರು ಬಿಡ್ತಾರಾ? ಒಂದು ಕಡೆಯದ್ದು ಅಳಿಸಿದೆ. ಈಗ ಚೊಕ್ಕ ಉಂಟು."

ಓಡಿಹೋಗಿ ನೋಡಿದೆ. ಎರಡೂ ಡಿಸ್ಕಿನಲ್ಲಿ ಅಜ್ಜಿ ಇರಲಿಲ್ಲ. ಅಳಿಸಿದ್ದನ್ನು ಹುಡುಕುವ ತಂತ್ರಾಂಶಗಳನ್ನು ವಾರವಿಡೀ ಓಡಿಸಿದೆ. ಇಂಟರ್ನೆಟ್ಟಿನಿಂದ ಇಳಿಯಲು ನಾನೇ ಬಿಟ್ಟಿದ್ದ ಸಿನಿಮಾಗಳು ಹಾಡುಗಳಿದ್ದ ಜಾಗದಲ್ಲಿ ಬಂದು ಕೂತಿದ್ದವು.

ಹಾಡು ಯಾಕೆ ಬರುತ್ತಿಲ್ಲ ಎಂದು ಅಪ್ಪ ಕೇಳಿದಾಗಲೆಲ್ಲ ಲೈನು ಕೆಟ್ಟಿದೆ ಎಂದೆ. ವಿಷಯ ತಿಳಿದ ಅಮ್ಮ ಬೈಯಲಿಲ್ಲ. "ಅಜ್ಜಿಯ ಅಣಕ ಮಾಡ್ತಿದ್ದೆಯಲ್ಲ, ನೀನೇ ಹಾಡಿ ಇಟ್ಟುಬಿಡು," ಎಂದಳು.

ಮೈಕಿನ ಮುಂದೆ ಕೂತೆ. ಮೀನಿನವನನ್ನು ಬೈದದ್ದು ಚಾಚೂ ತಪ್ಪದೆ ಬಂತು. ಅವಳ ಕೆಮ್ಮು, ಗೊಣಗು, ಎಲೆಯಡಿಕೆಯ ಕವಳ ಜಗಿಯುವ ಸದ್ದು, ಎಲ್ಲ ಬಂತು. ಹಾಡು ಬರಲಿಲ್ಲ. ನಗಿಸುವಷ್ಟನ್ನು ಮಾತ್ರ ನಾನು ಅವಳಿಂದ ಕಲಿತಿದ್ದೆ. ಬಾಗಿಲಲ್ಲಿ ನಿಂತಿದ್ದ ಅಮ್ಮ ಒಳಗೆ ಹೋದಳು.

ಮುಂದಿನ ವಾರ ಅಪ್ಪ ಮತ್ತೆ ಫೋನು ಮಾಡಿದರು. "ಲೈನು ನಿಧಾನಕ್ಕೆ ಸರಿಯಾಗಲಿ, ಅವಸರ ಇಲ್ಲ. ಒಳಗೆ ಉಂಟಲ್ಲ, ಅಷ್ಟು ಸಾಕು."

"ಉಂಟು ಅಪ್ಪ," ಎಂದೆ.