ಬೆತ್ತಲೆ ನಡಿಗೆಗೆ ಕುಪ್ಪಸ ತೊಟ್ಟು ಬಂದವಳು

ರೋಸ್ವಿತಾ ಮತ್ತು ನಾನು ಇಪ್ಪತ್ತಾರು ವರ್ಷ ಒಂದೇ ಮೇಜಿನ ಆಚೆ ಈಚೆ ಕೂತು ಹೆಂಗಸರ ಒಳ ಉಡುಪು ಹೊಲಿದವರು. ನಮ್ಮೂರಿನ ಕಾರ್ಖಾನೆಯಲ್ಲಿ ನಾನು ಪಟ್ಟಿ ಜೋಡಿಸುತ್ತಿದ್ದೆ, ಅವಳು ಹುಕ್ಕು ಕೂರಿಸುತ್ತಿದ್ದಳು. ಯಂತ್ರಗಳ ಗದ್ದಲದಲ್ಲಿ ಮಾತು ಕಿವಿಗೆ ಬೀಳುತ್ತಿರಲಿಲ್ಲ, ತುಟಿ ನೋಡಿಯೇ ಅರ್ಥ ಮಾಡಿಕೊಳ್ಳಬೇಕಾಗಿತ್ತು. ಹಾಗೆ ನೋಡಿ ನೋಡಿ, ಅವಳು ಬಾಯಿ ಬಿಡುವ ಮೊದಲೇ ಏನು ಹೇಳುತ್ತಾಳೆಂಬುದು ನನಗೆ ತಿಳಿದುಬಿಡುತ್ತಿತ್ತು. ಅವಳು ತೀರಿಹೋಗಿ ಈಗ ಎರಡು ಚಳಿಗಾಲ ಕಳೆದಿವೆ. ಈಗಲೂ ಯಾರಾದರೂ ಮಾತಾಡುವಾಗ ನಾನು ತುಟಿಯನ್ನೇ ನೋಡುತ್ತೇನೆ.

ಆ ಕಾಲದಲ್ಲಿ ಪ್ರತಿ ಜುಲೈ ತಿಂಗಳು ಕಾರ್ಖಾನೆಯವರು ನಮ್ಮನ್ನು ಎರಡು ವಾರ ಬಾಲ್ಟಿಕ್ ಸಮುದ್ರದ ದಂಡೆಗೆ ಕಳಿಸುತ್ತಿದ್ದರು. ವರ್ಷವಿಡೀ ಬಟ್ಟೆ ಹೊಲಿದವರು ಆ ಎರಡು ವಾರ ಬಟ್ಟೆ ಮುಟ್ಟುತ್ತಿರಲಿಲ್ಲ. ಮೇಸ್ತ್ರಿ, ಮೇಸ್ತ್ರಿಯ ಹೆಂಡತಿ, ಊರಿನ ಹಲ್ಲಿನ ಡಾಕ್ಟರು, ಎಲ್ಲರೂ ಮರಳಲ್ಲಿ ಗುಂಡಗೆ ಕಟ್ಟೆ ಕಟ್ಟಿಕೊಂಡು ಅದರೊಳಗೆ ಹುಟ್ಟಿದ ಹಾಗೆಯೇ ಮಲಗಿರುತ್ತಿದ್ದರು. ಮೇಸ್ತ್ರಿಯ ಹೊಟ್ಟೆಯ ಆಪರೇಶನ್ ಗುರುತು ನೋಡಿದ ಮೇಲೆ ಅವನ ಬೈಗುಳಕ್ಕೆ ಯಾರು ಹೆದರುತ್ತಾರೆ? ಹುರಿದ ಮೀನಿನ ಅಂಗಡಿಯ ಮುಂದೆ ಉದ್ದನೆಯ ಸಾಲು, ಒಬ್ಬೊಬ್ಬರ ಕೊರಳಲ್ಲಿ ಒಂದು ಚಿಲ್ಲರೆ ಚೀಲ, ಅಷ್ಟೇ ಉಡುಪು. ರೋಸ್ವಿತಾಗೆ ಅವಳ ಗಂಡ ಆಲ್ವಿನ್ ಸಿಕ್ಕಿದ್ದು ಆ ಸಾಲಿನಲ್ಲೇ.

“ಟೋಪಿ ತೆಗೆದು ನಮಸ್ಕಾರ ಮಾಡ್ದ ಕಣೇ,” ಎಂದು ಅವಳು ಎಷ್ಟು ಸಲ ಹೇಳಿದ್ದಳೋ. “ಪಾಪ, ತೆಗೆಯೋಕೆ ಅದೊಂದೇ ಇತ್ತು.”

ಆಮೇಲೆ ದೇಶವನ್ನು ಎರಡು ಮಾಡಿದ್ದ ಗಡಿ ಹೋಯಿತು, ಕಾರ್ಖಾನೆ ಮುಚ್ಚಿತು. ನಮ್ಮ ದಂಡೆಯ ಮೇಲೆ ಹೋಟೆಲುಗಳು ಎದ್ದವು, ಬಟ್ಟೆ ತೊಡಬೇಕೆಂದು ಹಲಗೆ ಹಾಕಿದರು. ಬಟ್ಟೆ ಬಿಚ್ಚುವವರಿಗೆ ದಂಡೆಯ ತುದಿಯಲ್ಲಿ, ಕಸದ ಡಬ್ಬಿಗಳ ಆಚೆ, ಒಂದು ತುಂಡು ಜಾಗ. ಆದರೂ ಅವರಿಬ್ಬರೂ ಬಿಡದೆ ಹೋಗುತ್ತಿದ್ದರು. ಆಲ್ವಿನ್ ಸತ್ತ ಮೇಲೆ ಅವಳು ಒಬ್ಬಳೇ ಹೋದಳು. ಅರವತ್ತೇಳನೆಯ ವಯಸ್ಸಿನಲ್ಲಿ ಕ್ಯಾನ್ಸರ್ ಎಂದು ಅವಳ ಎಡ ಮೊಲೆ ತೆಗೆದರು. ಅಲ್ಲಿಗೆ ನಿಂತಿತು.

ಮೂರು ವರ್ಷ ಅವಳು ಮೈಯನ್ನು ಯಾರಿಗೂ ತೋರಿಸಲಿಲ್ಲ. ಬಚ್ಚಲುಮನೆಯ ಕನ್ನಡಿಯ ಮೇಲೆ ಟವಲು ಇಳಿಬಿಟ್ಟಿದ್ದಳು. ಒಂದು ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಾ ತಾನಾಗಿಯೇ ಬಾಯಿ ಬಿಟ್ಟಳು.

“ಟ್ರೂಡೆ, ಸಾಯೋದ್ರೊಳಗೆ ಇನ್ನೊಂದ್ಸಲ ಸಮುದ್ರಕ್ಕಿಳೀಬೇಕು. ಇಳಿದ್ರೆ ಹಳೇ ಥರಾನೇ. ಈಜುಡುಪು ಹಾಕ್ಕೊಂಡು ಹೋದ್ರೆ ಆಲ್ವಿನ್ ನಗ್ತಾನೆ. ಆದ್ರೆ ಜನದ ಮುಂದೆ ನಿಲ್ಲೋಕಾಗುತ್ತೋ ಇಲ್ವೋ ಗೊತ್ತಿಲ್ಲ.”

ಆಗ ನಾನು ನಮ್ಮ ಗುಂಪಿನ ವಿಷಯ ಹೇಳಿದೆ. ಬೇಸಿಗೆಯಲ್ಲಿ ತಿಂಗಳಿಗೊಂದು ಭಾನುವಾರ ಹಾರ್ಟ್ಸ್ ಬೆಟ್ಟಗಳಲ್ಲಿ ಬಟ್ಟೆಯಿಲ್ಲದೆ ನಡೆಯುವವರು ನಾವು. ಕಾಲಿಗೆ ಬೂಟು, ಬೆನ್ನಿಗೆ ಚೀಲ, ಕೂರಲು ಟವಲು. ಹತ್ತು ಹದಿನೈದು ಜನ, ಹೆಚ್ಚಿನವರು ಪಿಂಚಣಿಯವರು.

“ಅಪರಿಚಿತರು,” ಎಂದಳು.

“ಅದಕ್ಕೇ ಸುಲಭ.”

“ಆಗ್ದೇ ಹೋದ್ರೆ?”

“ವಾಪಸ್ ಬರೋಣ. ನಾನೂ ಬರ್ತೀನಿ ನಿನ್ ಜೊತೆ.”

“ಅಲ್ಲೇ ಆಗ್ದೇ ಹೋದ್ರೆ ಸಮುದ್ರದ ಮಾತು ಬಿಟ್ಬಿಡ್ತೀನಿ. ನೀನೂ ಮತ್ತೆ ಎತ್ತಬಾರ್ದು,” ಎಂದಳು. ನಾನು ಒಪ್ಪಿದೆ.

ಆಗಸ್ಟಿನ ಭಾನುವಾರ ಬೆಳಿಗ್ಗೆ ಅವಳ ಮನೆಗೆ ಹೋದರೆ ಬಾಗಿಲಲ್ಲೇ ಬೆನ್ನು ತಿರುಗಿಸಿ ನಿಂತಳು. “ಹುಕ್ಕು ಹಾಕು.”

ತಾನೇ ಹೊಲಿದುಕೊಂಡ ಕುಪ್ಪಸ. ಮೈಬಣ್ಣದ ಒಳ್ಳೆಯ ಬಟ್ಟೆ, ಒಂದು ಗೆರೆ ಸೊಟ್ಟವಿಲ್ಲ. ಆಸ್ಪತ್ರೆಯವರು ಕೊಟ್ಟ ತಣ್ಣನೆಯ ಕೃತಕ ಮೊಲೆ ಅವಳಿಗೆ ಸೇರುತ್ತಿರಲಿಲ್ಲ. ಅದರ ಬದಲು ಹಕ್ಕಿಗೆ ಹಾಕುವ ನವಣೆಯನ್ನು ಸಣ್ಣ ಚೀಲದಲ್ಲಿ ತುಂಬಿ ಎಡಗಡೆಗೆ ಹೊಲಿದಿದ್ದಳು. ಹುಕ್ಕು ಮಾತ್ರ ಹಿಂದೆ, ಸಾಲಾಗಿ ಒಂಬತ್ತು. ಆಪರೇಶನ್ ಆದ ಮೇಲೆ ಎಡಗೈ ಬೆನ್ನಿಗೆ ಹೋಗದು ಎಂಬುದನ್ನು ಕಾರ್ಖಾನೆಯ ಕೈ ಮರೆತುಬಿಟ್ಟಿತ್ತು.

ಹುಕ್ಕು ಹಾಕಿದೆ. ಬೆತ್ತಲೆ ನಡಿಗೆಗೆ ಇದ್ಯಾಕೆ ಎಂದು ಕೇಳಿದ್ದರೆ ಅವಳು ಮನೆಯಲ್ಲೇ ಉಳಿಯುತ್ತಿದ್ದಳು.

ನಮ್ಮಲ್ಲೊಂದು ಕ್ರಮವುಂಟು. ಊರಿನ ಕೊನೆಯ ಮನೆ ದಾಟಿ, ಕಾಡಿನ ಅಂಚಿನ ದೊಡ್ಡ ಮರದ ಕೆಳಗೆ ಎಲ್ಲರೂ ಒಟ್ಟಿಗೆ ಬಟ್ಟೆ ತೆಗೆಯಬೇಕು, ಮುಂಚೆ ಇಲ್ಲ. ಹೊಸಬರಿಗೆ ಅಲ್ಲಿಯೇ ಪರಿಚಯ, ಹೆಸರು ಹಿಡಿದೇ ಕರೆಯುವುದು. ಗುಂಪನ್ನು ನಡೆಸುವವನು ಯೋಖೆನ್, ಹಿಂದೆ ಅಂಚೆ ಹಂಚುತ್ತಿದ್ದವನು, ಬೆಟ್ಟದ ಒಂದೊಂದು ದಾರಿಯೂ ಅವನ ಕಾಲಿಗೆ ಗೊತ್ತು.

ರೋಸ್ವಿತಾ ಪ್ಯಾಂಟು ತೆಗೆದಳು, ಉಳಿದದ್ದನ್ನೂ ತೆಗೆದಳು, ಮಡಚಿ ಚೀಲಕ್ಕೆ ಹಾಕಿದಳು. ಅಂಗಿ ತೆಗೆದಳು. ಕುಪ್ಪಸ ತೊಟ್ಟೇ ಬೂಟಿನ ದಾರ ಕಟ್ಟಿದಳು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು ಓಟಿಲಿ. ಎಂಬತ್ತೊಂದು ವರ್ಷ, ಮೊದಲು ಟ್ರಾಮ್ ಓಡಿಸುತ್ತಿದ್ದವಳು. ಅವಳು ಮೇಲಿಂದ ಕೆಳಗೆ ನೋಡಿದಳು.

“ಚಳೀನಾ ಮಗಳೇ?”

“ಸ್ವಲ್ಪ.”

“ಚಳಿ ಆಗೋದು ಕೆಳಗಲ್ವಾ ಎಲ್ರಿಗೂ?”

“ಓಟಿಲಿ, ಸುಮ್ನಿರು,” ಎಂದ ಯೋಖೆನ್. “ಇಲ್ಲಿ ಬಲವಂತ ಇಲ್ಲ. ಅವರವರ ಮೈ, ಅವರವರ ಇಷ್ಟ.”

ಹೊರಟೆವು. ನಿಜವಾಗಿ ಹೇಳುತ್ತೇನೆ, ಅಷ್ಟು ಜನ ಬೆತ್ತಲೆ ನಡೆಯುವಾಗ ಕಣ್ಣಿಗೆ ಯಾರೂ ಬೀಳುವುದಿಲ್ಲ, ಗಿಡಮರದ ಹಾಗೆ. ನಡುವೆ ಒಂದು ಕುಪ್ಪಸ ಇದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಕೆಳಗೆ ಎರಡು ಬಿಳಿ ಕಾಲು, ಮೇಲೆ ಉಬ್ಬಿದ ಬಟ್ಟೆ. ಕೆರೆಯಿಂದ ಎದ್ದು ಬಂದ ಹೆಬ್ಬಾತಿನ ಹಾಗೆ ಅವಳು ಸಾಲಿನ ನಡುವೆ ನಡೆಯುತ್ತಿದ್ದಳು. ಅವಳಿಗೆ ಅದು ತಿಳಿದಿರಲಿಲ್ಲ. ಹೊಸಬಳೆಂದು ನೋಡುತ್ತಿದ್ದಾರೆ ಎಂದುಕೊಂಡಿದ್ದಳು.

ಸ್ಪ್ರೂಸ್ ಮರಗಳ ಏರಿನಲ್ಲಿ ಎದುರಿನಿಂದ ಬಟ್ಟೆ ತೊಟ್ಟ ಇಬ್ಬರು ಬಂದರು, ಗಂಡ ಹೆಂಡತಿ, ಕೈಯಲ್ಲಿ ಅಣಬೆಯ ಬುಟ್ಟಿ. ಇಂಥ ಹೊತ್ತಲ್ಲಿ ಮೊದಲು ನಮಸ್ಕಾರ ಹೇಳುವುದು ನಮ್ಮ ಕಡೆಯಿಂದಲೇ, ಗಟ್ಟಿಯಾಗಿ.

“ನಮಸ್ಕಾರ! ಅಣಬೆ ಸಿಕ್ತಾ?” ಎಂದು ಯೋಖೆನ್ ಕೇಳಿದ.

“ನಮಸ್ಕಾರ. ಹುಳ ತಿಂದಿವೆ ಎಲ್ಲ,” ಎಂದ ಗಂಡ. ಹೆಂಡತಿ ಉಳಿದ ಹನ್ನೆರಡು ಜನರನ್ನು ಬಿಟ್ಟು ನೇರ ರೋಸ್ವಿತಾಳನ್ನು ನೋಡಿದಳು. ಅವಳೊಬ್ಬಳನ್ನೇ. ಮುಂದೆ ಹೋದ ಮೇಲೂ ತಿರುಗಿ ನೋಡಿದಳು. ಗಂಡ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು.

“ಆ ಯಮ್ಮ ಏನೋ ಬಚ್ಚಿಡ್ತಿದಾಳೆ.”

ರೋಸ್ವಿತಾಳ ಕತ್ತು ಕೆಂಪಾಯಿತು. ಚೀಲದ ಪಟ್ಟಿಯನ್ನು ಎದೆಯ ಮೇಲೆ ಬಿಗಿಯಾಗಿ ಎಳೆದುಕೊಂಡು ಮುಂದಿನ ಒಂದು ಗಂಟೆ ನಡೆದಳು.

ತೊರೆಯ ಬಳಿ ಊಟಕ್ಕೆ ಕೂತೆವು. ಉರುಳಿದ ಮರದ ಮೇಲೆ ಎಲ್ಲರೂ ಟವಲು ಹಾಸಿದರು. ಕಪ್ಪು ರೊಟ್ಟಿ, ಬೇಯಿಸಿದ ಮೊಟ್ಟೆ, ಹುಳಿ ಸೌತೆಕಾಯಿ, ನಾನು ತಂದ ಪ್ಲಮ್ ಹಣ್ಣಿನ ಕೇಕು. ಅವಳು ಮಾತ್ರ ನಿಂತೇ ಇದ್ದಳು. ಚೀಲದ ಪಟ್ಟಿ ಒತ್ತಿ ಒತ್ತಿ ಕುಪ್ಪಸ ಬೆವರಲ್ಲಿ ತೊಯ್ದು ಹೋಗಿತ್ತು. ನವಣೆ ನೆನೆದು ಕೆಳಕ್ಕೆ ಜಗ್ಗುತ್ತಿತ್ತು. ಕಂಕುಳ ಕೆಳಗೆ ಹಳೆಯ ಹೊಲಿಗೆಯ ಜಾಗ ಉಜ್ಜಿ ಕೆಂಪಾದದ್ದು ನನಗೆ ಕಾಣಿಸುತ್ತಿತ್ತು. ಬಲಗೈಯನ್ನು ಹಿಂದಕ್ಕೆ ತಿರುಚಿ ಒಂದು ಹುಕ್ಕು ಹುಡುಕಿದಳು. ಸಿಗಲಿಲ್ಲ. ಮತ್ತೆ ಹುಡುಕಿದಳು.

ನಾನು ಎದ್ದು ಹೋಗಬಹುದಾಗಿತ್ತು. ಹೋಗಲಿಲ್ಲ. ಮೊಟ್ಟೆ ಸುಲಿಯುತ್ತಾ ಕೂತೆ. ನಾನೇ ಹೋಗಿ ಬಿಚ್ಚಿದರೆ ಅದು ನಾನು ಬಿಚ್ಚಿದ ಹಾಗೆ. ಅವಳು ಕೇಳಬೇಕು. ಅಷ್ಟು ಹೊತ್ತು ಮೊಟ್ಟೆ ಸುಲಿದವಳು ನಾನೊಬ್ಬಳೇ ಇರಬೇಕು.

ಅವಳು ನನ್ನ ಕಡೆ ತಿರುಗಿದಳು. ಆಮೇಲೆ ಇಡೀ ಕಾಡಿಗೆ ಕೇಳುವ ಹಾಗೆ ಕೂಗಿದಳು.

“ಯಾರಾದ್ರೂ ಇದನ್ನ ಬಿಚ್ರೋ! ನನ್ನ ಕೈಗೆ ಸಿಗ್ತಾ ಇಲ್ಲ!”

ಹತ್ತಿರ ಇದ್ದದ್ದು ಯೋಖೆನ್. ಬಾಯಲ್ಲಿ ಸೌತೆಕಾಯಿ ಕಚ್ಚಿಕೊಂಡೇ ಎದ್ದು ಬಂದ. ಒಂದು ಹುಕ್ಕು ಬಿಚ್ಚಿದ, ಎರಡನೆಯದಕ್ಕೆ ತಿಣುಕಿದ.

“ಅಂಚೆಪೆಟ್ಟಿಗೆ ಬೀಗಕ್ಕಿಂತ ಗಟ್ಟಿ ಇದೆಯಲ್ಲಮ್ಮಾ.”

“ಕಾರ್ಖಾನೆ ಹುಕ್ಕು ಕಣೋ. ನಾನೇ ಕೂರಿಸಿದ್ದು. ಎಳೀಬೇಡ, ಒತ್ತು.”

ಒಂಬತ್ತೂ ಬಿಚ್ಚಿದವು. ಅವಳು ಕುಪ್ಪಸವನ್ನು ಭುಜದಿಂದ ಜಾರಿಸಿ, ಕಣ್ಣು ಮುಚ್ಚಿ ನಿಂತಳು. ಎಡಗಡೆ ಚಪ್ಪಟೆ, ಅಡ್ಡಕ್ಕೆ ಗೇಣುದ್ದದ ಒಂದು ಗೆರೆ. ಯೋಖೆನ್ ಹೋಗಿ ಕೂತು ಉಪ್ಪು ಕೇಳಿದ. ಯಾರೋ ಉಪ್ಪು ದಾಟಿಸಿದರು. ಇನ್ಯಾರೋ ಮಂಡಿನೋವಿನ ಮುಲಾಮಿನ ಮಾತಾಡುತ್ತಿದ್ದರು, ಅದು ನಿಲ್ಲಲಿಲ್ಲ.

ಅವಳು ಒಂದು ಕಣ್ಣು ತೆರೆದಳು, ಮತ್ತೊಂದು ತೆರೆದಳು. ನನ್ನ ಪಕ್ಕ ಧಪ್ಪನೆ ಕೂತಳು.

“ಮೂರು ವರ್ಷ ಮುಚ್ಚಿಟ್ಟಿದೀನಿ ಕಣೇ! ಒಬ್ರಾದ್ರೂ ನೋಡಬಾರ್ದಾ?” ನಿಜವಾಗಿಯೂ ಕೋಪ ಬಂದಿತ್ತು ಅವಳಿಗೆ.

“ನಾನು ನೋಡ್ದೆ,” ಎಂದಳು ಆಚೆ ಬದಿಯಿಂದ ಓಟಿಲಿ. “ಹೊಲಿಗೆ ಚೆನ್ನಾಗಿದೆ. ಯಾವ ಆಸ್ಪತ್ರೆ?”

“ಹೊಲಿಗೆ ಚೆನ್ನಾಗಿದ್ಯಾ? ಕೊನೇಲಿ ಸುಕ್ಕು ಬಿಟ್ಟಿದಾನೆ ನೋಡಿ! ನಮ್ಮ ಕಾರ್ಖಾನೇಲಾಗಿದ್ರೆ ಮೇಸ್ತ್ರಿ ಮುಖಕ್ಕೆ ಎಸೀತಿದ್ದ!”

ಓಟಿಲಿ ಬಗ್ಗಿ ನೋಡಿದಳು, ಹೌದೆಂದಳು. ಮಳೆ ಬರುವ ಮುಂಚೆ ಸೆಳೆಯುತ್ತದೆಯೇ ಎಂದು ಕೇಳಿದಳು. ಸೆಳೆಯುತ್ತದೆ ಎಂದಳು ರೋಸ್ವಿತಾ. ರಾತ್ರಿ ಕೈ ಮರಗಟ್ಟುತ್ತದೆ, ಮಗ್ಗುಲು ತಿರುಗಿದರೆ ಇಲ್ಲದ್ದು ಇದೆಯೆಂದೇ ಅನಿಸುತ್ತದೆ ಎಂದಳು. ನನಗೂ ಹೇಳಿರಲಿಲ್ಲ ಅದನ್ನು. ಓಟಿಲಿ ಕೇಳುತ್ತಾ ಕೇಕು ತಿಂದಳು, ಆಮೇಲೆ ಕುಪ್ಪಸವನ್ನು ಎತ್ತಿ ತೂಗಿ ನೋಡಿದಳು.

“ಏನಿದೆ ಇದ್ರೊಳಗೆ?”

“ನವಣೆ.”

“ಬೇಗ ಒಣಗಿಸು ಮಗಳೇ, ಮೊಳಕೆ ಬಂದೀತು.”

ರೋಸ್ವಿತಾ ನಕ್ಕಳು. ಮೀನಿನ ಅಂಗಡಿಯ ಸಾಲಿನಲ್ಲಿ ನಗುತ್ತಿದ್ದ ಹಾಗೆ, ಹೊಟ್ಟೆಯೆಲ್ಲ ಕುಲುಕಿಸಿ. ಆ ನಗೆ ಕೇಳಿ ಎಷ್ಟು ವರ್ಷವಾಗಿತ್ತು. ನಾನು ತೊರೆಯ ಕಡೆ ಮುಖ ತಿರುಗಿಸಿದೆ.

ಇಳಿಯುವಾಗ ಅವಳೇ ಮುಂದೆ. ಇಬ್ಬರು ಸೈಕಲ್ಲಿನವರು ಎದುರಾದಾಗ ಯೋಖೆನ್‌ಗಿಂತ ಮೊದಲು ಅವಳೇ ನಮಸ್ಕಾರ ಕೂಗಿದಳು.

ಆ ದೊಡ್ಡ ಮರದ ಕೆಳಗೆ ಎಲ್ಲರೂ ಮತ್ತೆ ಬಟ್ಟೆ ತೊಟ್ಟರು. ನಾನು ಹುಕ್ಕು ಹಾಕಲೆಂದು ಅವಳ ಹಿಂದೆ ನಿಂತೆ. ಅವಳು ಕುಪ್ಪಸವನ್ನು ಮಡಚಿ ಚೀಲದ ತಳಕ್ಕೆ ತುರುಕಿ, ಮೇಲೆ ಬರೀ ಅಂಗಿ ತೊಟ್ಟಳು. ತೆಳ್ಳನೆಯ ಹತ್ತಿಯ ಅಂಗಿ, ಒಂದು ಕಡೆ ಉಬ್ಬು, ಒಂದು ಕಡೆ ಚಪ್ಪಟೆ.

“ಬಸ್ಸಲ್ಲಿ ನಮ್ಮೂರಿನವರು ಇರ್ತಾರೆ,” ಎಂದೆ.

“ಇರ್ಲಿ.”

ಇದ್ದರು. ಔಷಧಿ ಅಂಗಡಿಯ ಯಜಮಾನಿ ಎದುರು ಸೀಟಿನಲ್ಲೇ ಕೂತಿದ್ದಳು. ಮುಖ ನೋಡಿದಳು, ಎದೆ ನೋಡಿದಳು, ಕಿಟಕಿ ನೋಡಿದಳು, ಮತ್ತೆ ಎದೆ ನೋಡಿದಳು.

“ತೆಗೆಸಿದೀನಿ ರೀ,” ಎಂದಳು ರೋಸ್ವಿತಾ. “ಮೂರು ವರ್ಷ ಆಯ್ತು. ನೀವು ಹೇಗಿದೀರಿ?”

ಆ ಹೆಂಗಸು ತಡಬಡಿಸಿ, ಚೆನ್ನಾಗಿದ್ದೇನೆ ಎಂದಳು. ಎರಡು ನಿಲ್ದಾಣ ಕಳೆದ ಮೇಲೆ ಸಣ್ಣ ದನಿಯಲ್ಲಿ ತನ್ನ ತಂಗಿಗೂ ಮುಂದಿನ ವಾರ ಇದೇ ಆಪರೇಶನ್ ಎಂದಳು. ರೋಸ್ವಿತಾ ಎದ್ದು ಅವಳ ಪಕ್ಕಕ್ಕೆ ಹೋಗಿ ಕೂತಳು. ನನ್ನ ಸೀಟಿನಿಂದ ಮಾತು ಕೇಳಿಸುತ್ತಿರಲಿಲ್ಲ. ತುಟಿ ಕಾಣುತ್ತಿತ್ತು. ಸೆಪ್ಟೆಂಬರಿನಲ್ಲಿ ಸಮುದ್ರ ಇನ್ನೂ ಬೆಚ್ಚಗಿರುತ್ತದೆ, ತಂಗಿಯನ್ನೂ ಕರೆದುಕೊಂಡು ಬನ್ನಿ ಎಂದು ಹೇಳುತ್ತಿದ್ದಳು.